ವೆಸ್ಪರ್ಟೈನ್ ಕೇಳುವುದು ಹೇಗೆ: ಬ್ಯೋರ್ಕ್ ಅವರ ಪಿಸುದನಿಯ ಆಲ್ಬಮ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ಎಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಅವರ ಗಂಟಲು. ಕೂಗಿದರೂ ಗೊಣಗಿದರೂ ಅದು ಅವರದ್ದೇ ಎಂದು ತಕ್ಷಣ ಗೊತ್ತಾಗುತ್ತದೆ. 2001ರ ಆಗಸ್ಟ್ ಕೊನೆಯಲ್ಲಿ ಬಂದ ವೆಸ್ಪರ್ಟೈನ್‌ನಲ್ಲಿ ಆ ಗಂಟಲು ಬಹಳಷ್ಟು ಕಡೆ ಪಿಸುಗುಡುತ್ತದೆ. ಹಾಗಾಗಿ ಅನೇಕರು ಇದನ್ನು ಒಮ್ಮೆ ಹಾಕಿ, ಏನೂ ಆಗ್ತಾನೇ ಇಲ್ವಲ್ಲ ಎಂದು ಮೂರನೇ ಹಾಡಿಗೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಓದುವಾಗ, ಅಡುಗೆ ಮಾಡುವಾಗ ಹಿನ್ನೆಲೆಗೆ ಹಾಕಿಕೊಳ್ಳುತ್ತಾರೆ. ಎರಡೂ ಕಡೆ ಆಲ್ಬಮ್ ಕೈತಪ್ಪುತ್ತದೆ.

ಇದರಲ್ಲಿ ಆಗುವುದು ಬಹಳ ಇದೆ, ಆದರೆ ಎಲ್ಲವೂ ಚಿಕ್ಕದಾಗಿ ಆಗುತ್ತದೆ. ಇಲ್ಲಿನ ಆಪ್ತತೆ ಬರೀ ಪ್ರೀತಿಯ ಸಾಲುಗಳಿಂದ ಬಂದದ್ದಲ್ಲ. ಯಾವ ಸದ್ದು ಎಷ್ಟು ಚಿಕ್ಕದಿರಬೇಕು, ಯಾವುದು ಕಿವಿಯ ಪಕ್ಕದಲ್ಲಿರಬೇಕು, ಯಾವುದು ದೂರದಲ್ಲಿರಬೇಕು ಎಂದು ಅಳತೆ ನೋಡಿ ಕಟ್ಟಿದ್ದು. ಆ ಅಳತೆ ಕಿವಿಗೆ ಸಿಕ್ಕಿದ ದಿನ ಆಲ್ಬಮ್ ತೆರೆದುಕೊಳ್ಳುತ್ತದೆ. ಕೆಳಗಿನ ಹಂತಗಳೆಲ್ಲ ಅದಕ್ಕಾಗಿ.

ಮೊದಲು ಸ್ವಲ್ಪ ಹಿನ್ನೆಲೆ

1997ರಲ್ಲಿ ಬಂದ ಹೋಮೊಜೆನಿಕ್ ದೊಡ್ಡ ದನಿಯ ಆಲ್ಬಮ್. ಗುಡುಗುವ ಬೀಟ್, ಅದರ ಮೇಲೆ ತಂತಿವಾದ್ಯಗಳು, ಎಲ್ಲಕ್ಕಿಂತ ಮೇಲೆ ಕಂಠ. ಆಮೇಲೆ ಬ್ಯೋರ್ಕ್, ಲಾರ್ಸ್ ವಾನ್ ಟ್ರಿಯರ್ ಅವರ ಡಾನ್ಸರ್ ಇನ್ ದ ಡಾರ್ಕ್ ಸಿನಿಮಾದಲ್ಲಿ ನಟಿಸಿದರು, ಅದಕ್ಕೆ ಸಂಗೀತವನ್ನೂ ಕೊಟ್ಟರು. 2000ದಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಸಿನಿಮಾ ಅವರನ್ನು ಹಿಂಡಿ ಹಾಕಿತ್ತು. ಆ ಹೊತ್ತಲ್ಲೇ ಇನ್ನೊಂದು ಕಡೆ, ಸಿನಿಮಾದ ಗದ್ದಲಕ್ಕೆ ಪೂರ್ತಿ ವಿರುದ್ಧವಾದ ಹಾಡುಗಳು ತಯಾರಾಗುತ್ತಿದ್ದವು. ಆಲ್ಬಮ್‌ಗೆ ಮೊದಲು ಇಟ್ಟುಕೊಂಡಿದ್ದ ಹೆಸರು ಡೊಮೆಸ್ಟಿಕಾ. ಮನೆಯೊಳಗಿನ ಸಂಗೀತ ಎಂಬ ಯೋಚನೆ ಆ ಹೆಸರಲ್ಲೇ ಇದೆ.

ಇನ್ನೂ ಒಂದು ವಿಷಯ ಗೊತ್ತಿದ್ದರೆ ಕೇಳುವ ರೀತಿಯೇ ಬದಲಾಗುತ್ತದೆ. ಆಗ ನ್ಯಾಪ್‌ಸ್ಟರ್ ಕಾಲ. ಜನ ಹಾಡುಗಳನ್ನು ಕುಗ್ಗಿಸಿದ ಫೈಲ್‌ಗಳಾಗಿ ಇಂಟರ್ನೆಟ್‌ನಿಂದ ಇಳಿಸಿ ಕಂಪ್ಯೂಟರ್‌ನ ಪುಟ್ಟ ಸ್ಪೀಕರ್‌ಗಳಲ್ಲಿ ಕೇಳುತ್ತಿದ್ದರು. ಗುಣಮಟ್ಟ ಹಾಳಾಗುತ್ತೆ ಎಂದು ಸಂಗೀತಗಾರರು ಗೊಣಗುತ್ತಿದ್ದಾಗ ಬ್ಯೋರ್ಕ್ ಯೋಚಿಸಿದ್ದೇ ಬೇರೆ: ಹಾಗೆ ಕುಗ್ಗಿಸಿದ ಮೇಲೂ ಚೆನ್ನಾಗಿ ಕೇಳುವ ವಾದ್ಯಗಳು ಯಾವುವು? ಹಾರ್ಪ್ (ಬೆರಳಿನಿಂದ ಮೀಟುವ ದೊಡ್ಡ ತಂತಿವಾದ್ಯ), ಸೆಲೆಸ್ಟಾ (ಪುಟ್ಟ ಗಂಟೆಯಂಥ ದನಿಯ ಕೀಲಿಮಣೆ ವಾದ್ಯ), ಮ್ಯೂಸಿಕ್ ಬಾಕ್ಸ್. ಆಲ್ಬಮ್‌ನ ಬಣ್ಣ ಬಂದಿರುವುದು ಬಹುಪಾಲು ಇವುಗಳಿಂದಲೇ.

ಹಂತ 1: ಸಾಧನ ಮತ್ತು ಸೆಟ್ಟಿಂಗ್

ಹೆಡ್‌ಫೋನ್ ಬೇಕು. ದುಬಾರಿಯದ್ದೇ ಆಗಬೇಕಿಲ್ಲ, ತಂತಿಯದ್ದಾದರೂ ಬ್ಲೂಟೂತ್ ಆದರೂ ನಡೆಯುತ್ತದೆ. ಎಡ ಬಲ ಸರಿಯಾಗಿ ಹಾಕಿಕೊಳ್ಳಿ. ಸಣ್ಣ ಸದ್ದುಗಳು ಒಂದು ಕಿವಿಯಿಂದ ಇನ್ನೊಂದಕ್ಕೆ ಓಡಾಡುತ್ತಿರುತ್ತವೆ. ಬರೀ ಒಂದು ಇಯರ್‌ಬಡ್ ಸಿಕ್ಕಿಸಿಕೊಂಡು ಕೇಳಿದರೆ ಅರ್ಧ ಆಲ್ಬಮ್ ಹೋಯಿತು.

ಆ್ಯಪ್‌ನಲ್ಲಿ ಮೂರು ಕಡೆ ಕೈಹಾಕಿ. ಈಕ್ವಲೈಜರ್ ಮತ್ತು ಬಾಸ್ ಬೂಸ್ಟ್ ಆಫ್ ಮಾಡಿ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಅಂಟಿಸುವ ಕ್ರಾಸ್‌ಫೇಡ್ ಆಫ್ ಮಾಡಿ. ಶಫಲ್ ಅಂತೂ ಬೇಡವೇ ಬೇಡ. ಫ್ರಾಸ್ಟಿಯಿಂದ ಅರೋರಾಕ್ಕೆ ದಾಟುವ ಜಾಗದಲ್ಲಿ ಇದು ಯಾಕೆ ಎಂದು ಗೊತ್ತಾಗುತ್ತದೆ.

ಮೂಲ ಆಲ್ಬಮ್‌ನಲ್ಲಿ 12 ಹಾಡು, ಸುಮಾರು 55 ನಿಮಿಷ. ಹಿಡನ್ ಪ್ಲೇಸ್‌ನಿಂದ ಶುರು, ಯೂನಿಸನ್‌ಗೆ ಮುಕ್ತಾಯ. ಜಪಾನಿನ ಆವೃತ್ತಿಯಲ್ಲಿ ಕೊನೆಗೆ ಜೆನರಸ್ ಪಾಮ್‌ಸ್ಟ್ರೋಕ್ ಎಂಬ ಇನ್ನೊಂದು ಹಾಡಿದೆ. ಹಾಡು ಒಳ್ಳೆಯದೇ, ಆದರೆ ಯೂನಿಸನ್ ಬಾಗಿಲು ಮುಚ್ಚಿದ ಮೇಲೆ ಮತ್ತೆ ತೆಗೆದ ಹಾಗೆ ಆಗುತ್ತದೆ. ಮೊದಲ ಸಲಕ್ಕೆ ಬಿಡಿ.

ಹಂತ 2: ವಾಲ್ಯೂಮ್

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲೇ. ಸದ್ದು ಸಣ್ಣದಾಗಿದೆ ಎಂದು ವಾಲ್ಯೂಮ್ ಏರಿಸುತ್ತಾರೆ. ಏರಿಸಿದಾಗ ಪಿಸುಮಾತು ಪಿಸುಮಾತಾಗಿ ಉಳಿಯುವುದಿಲ್ಲ. ದೊಡ್ಡದು ಮಾಡಿದ ಪಿಸುಮಾತಿಗೆ ಒಂಥರಾ ಕೃತಕತೆ ಬಂದುಬಿಡುತ್ತದೆ, ಉಸಿರು ಉಸಿರಿನ ಅಳತೆಯಲ್ಲಿ ಇರುವುದಿಲ್ಲ.

ಹೀಗೆ ಮಾಡಿ. ಎರಡನೇ ಹಾಡು ಕಕೂನ್ ಹಾಕಿ, ಮೊದಲ ಅರ್ಧ ನಿಮಿಷ ಕೇಳಿ. ಪಕ್ಕದ ದಿಂಬಿನ ಮೇಲೆ ತಲೆಯಿಟ್ಟು ಮಲಗಿದವರು ಮಾತಾಡಿದರೆ ಎಷ್ಟು ಕೇಳುತ್ತದೋ ಅಷ್ಟಕ್ಕೆ ವಾಲ್ಯೂಮ್ ನಿಲ್ಲಿಸಿ. ಆಮೇಲೆ ಮುಟ್ಟಬೇಡಿ. ಹಾಡನ್ನೂ ಅಲ್ಲೇ ನಿಲ್ಲಿಸಿ ಮೊದಲಿನಿಂದ ಶುರು ಮಾಡಿ.

ತೀರಾ ಇಳಿಸುವುದೂ ತಪ್ಪು. ನಮ್ಮ ಕಿವಿಗೆ ಸಣ್ಣ ವಾಲ್ಯೂಮ್‌ನಲ್ಲಿ ಮಂದ್ರದ ಸದ್ದು ಸರಿಯಾಗಿ ಕೇಳುವುದಿಲ್ಲ, ನಡುವಿನ ಸದ್ದು ಮಾತ್ರ ಚೆನ್ನಾಗಿ ಕೇಳುತ್ತದೆ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಹಿಡನ್ ಪ್ಲೇಸ್‌ನ ಅಡಿಯಲ್ಲಿ ತೆವಳುವ ಬಾಸ್ ಕೇಳಿಸದಿದ್ದರೆ ಒಂದು ಗೆರೆ ಏರಿಸಿ, ಸಾಕು.

ಸಮಯ? ಬೀದಿಯ ಸದ್ದು ಅಡಗಿದ ಮೇಲೆ. ಬಸ್ಸು, ರೈಲಿನಲ್ಲಿ ಈ ಆಲ್ಬಮ್ ಕೆಲಸ ಮಾಡುವುದಿಲ್ಲ. ಇಂಜಿನ್ ಗುಂಯ್ ಎನ್ನುವುದರಲ್ಲೇ ಇದರ ಅರ್ಧ ಬೀಟ್ ಮುಳುಗಿಹೋಗುತ್ತದೆ.

ಹಂತ 3: ಮೊದಲ ಸಲ, ಸುಮ್ನೆ

55 ನಿಮಿಷವೂ ಒಂದೇ ಸಮ ಕೇಳಿ. ಸಾಹಿತ್ಯ ತೆರೆದಿಟ್ಟುಕೊಳ್ಳಬೇಡಿ. ಫೋನ್ ಮಗುಚಿಡಿ. ಅರ್ಥ ಮಾಡಿಕೊಳ್ಳಬೇಕು ಎಂಬ ಹಟವೂ ಬೇಡ. ನಡುವೆ ನಿದ್ದೆ ಬಂದರೆ ಬರಲಿ, ಅದನ್ನು ಆಲ್ಬಮ್‌ನ ಸೋಲು ಎಂದು ಲೆಕ್ಕ ಹಾಕಬೇಕಿಲ್ಲ.

ಒಂದು ಎಚ್ಚರಿಕೆ. ಹಿಡನ್ ಪ್ಲೇಸ್ ಕೋರಸ್‌ನೊಂದಿಗೆ, ಅಂದರೆ ಗುಂಪುಗಾಯನದೊಂದಿಗೆ, ಎದ್ದು ಬರುತ್ತದೆ, ಪರವಾಗಿಲ್ಲ ಅನಿಸುತ್ತದೆ. ನಂತರದ ಕಕೂನ್ ಏಕದಂ ತಗ್ಗುತ್ತದೆ. ಹೆಚ್ಚಿನವರು ಬಿಟ್ಟು ಹೋಗುವುದು ಇಲ್ಲಿ. ತಡೆದುಕೊಳ್ಳಿ. ಆಲ್ಬಮ್ ತನ್ನ ಅಳತೆ ಯಾವುದೆಂದು ಹೇಳುತ್ತಿರುವುದೇ ಅಲ್ಲಿ.

ಹಂತ 4: ಬೀಟ್ ಮಾತ್ರ ಹಿಂಬಾಲಿಸಿ

ಎರಡನೇ ಸಲ ಕಂಠವನ್ನು ಮರೆತುಬಿಡಿ, ಬೀಟ್ ಕೇಳಿ. ಈ ಆಲ್ಬಮ್ ವಿಚಾರದಲ್ಲಿ ಮೈಕ್ರೋಬೀಟ್ ಎಂಬ ಮಾತು ಬರುತ್ತಲೇ ಇರುತ್ತದೆ. ಡ್ರಮ್ ಬದಲು ಮನೆಯ ಸಣ್ಣಪುಟ್ಟ ಸದ್ದುಗಳನ್ನು ರೆಕಾರ್ಡ್ ಮಾಡಿ, ಚೂರು ಚೂರು ಕತ್ತರಿಸಿ, ತಾಳಕ್ಕೆ ಜೋಡಿಸುವುದು. ಇಸ್ಪೀಟು ಎಲೆ ಕಲೆಸುವ ಸದ್ದು, ಮಂಜುಗಡ್ಡೆ ಬಿರಿಯುವ ಸದ್ದು, ಇಂಥವು.

ಇದರಲ್ಲಿ ಬ್ಯೋರ್ಕ್‌ಗೆ ಜೊತೆಯಾದವರಲ್ಲಿ ಮುಖ್ಯರು ಅಮೆರಿಕದ ಮ್ಯಾಟ್ಮೋಸ್ ಜೋಡಿ, ಡ್ರೂ ಡೇನಿಯಲ್ ಮತ್ತು ಎಂ. ಸಿ. ಶ್ಮಿಟ್. ಅದೇ 2001ರಲ್ಲಿ ಇವರು ಶಸ್ತ್ರಚಿಕಿತ್ಸೆಯ ಸದ್ದುಗಳಿಂದಲೇ ಒಂದು ಆಲ್ಬಮ್ ಮಾಡಿದ್ದರು. ವಸ್ತು ಏನೇ ಇರಲಿ ಅದರಿಂದ ತಾಳ ತೆಗೆಯಬಲ್ಲವರು. ಡೆನ್ಮಾರ್ಕ್‌ನ ಥಾಮಸ್ ಕ್ನಾಕ್, ಜರ್ಮನಿಯ ಮಾರ್ಟಿನ್ ಗ್ರೆಚ್‌ಮನ್, ಇಂಗ್ಲೆಂಡಿನ ಮ್ಯಾಥ್ಯೂ ಹರ್ಬರ್ಟ್ ಕೂಡ ಇದ್ದಾರೆ. ಹೆಸರು ಇಷ್ಟಿದ್ದರೂ ಆಲ್ಬಮ್ ಹತ್ತು ಕೈಯ ಅಡುಗೆ ಅನಿಸುವುದಿಲ್ಲ. ಎಲ್ಲರೂ ಬ್ಯೋರ್ಕ್ ಹಾಕಿದ ಅಳತೆಯೊಳಗೇ ಕೆಲಸ ಮಾಡಿದ್ದಾರೆ.

ಎಲ್ಲಿ ಕಿವಿ ಇಡಬೇಕು? ಕಕೂನ್‌ನಿಂದ ಶುರು ಮಾಡಿ. ಅಲ್ಲಿ ಬೀಟ್ ಎಂದರೆ ಟಿಕ್, ಚಿಟ್, ಸರಕ್ ಎನ್ನುವ ಚೂರುಗಳು. ಗೀರು ಬಿದ್ದ ಸಿಡಿ ಓಡಿಸಿದ ಹಾಗೆ. ಅದರ ಕೆಳಗೆ ಒಂದು ಮೆತ್ತಗಿನ ಬಾಸ್ ಮೇಲೆ ಕೆಳಗೆ ಆಡುತ್ತದೆ. ತಾಳ ಎಲ್ಲಿದೆ ಎಂದು ಹುಡುಕಿ. ಬೆರಳಲ್ಲಿ ತಟ್ಟಲು ನೋಡಿ, ಕೆಲವು ಪೆಟ್ಟುಗಳು ನಿರೀಕ್ಷೆಗಿಂತ ಒಂದು ಕೂದಲೆಳೆ ಆಚೀಚೆ ಬೀಳುವುದು ಗೊತ್ತಾಗುತ್ತದೆ.

ಆಮೇಲೆ ಅರೋರಾ. ಹಿಂದಿನ ಹಾಡು ಫ್ರಾಸ್ಟಿ ಮುಗಿಯುತ್ತಿದ್ದ ಹಾಗೆ ಹಿಮದ ಮೇಲೆ ಕರಕರ ಎಂದು ಯಾರೋ ನಡೆಯುವ ಸದ್ದು ಬರುತ್ತದೆ. ಆ ನಡಿಗೆಯೇ ಅರೋರಾದ ತಾಳವಾಗಿಬಿಡುತ್ತದೆ. ಹಾಡಿನಲ್ಲೂ ಒಬ್ಬಳು ಹಿಮನದಿಯ ಮೇಲೆ ಬೆಳಕು ಹುಡುಕುತ್ತ ನಡೆಯುತ್ತಿದ್ದಾಳೆ. ತಾಳ, ಜಾಗ, ಕಥೆ ಮೂರೂ ಒಂದೇ ಸದ್ದಿನಲ್ಲಿ. ನನ್ನನ್ನು ಕೇಳಿದರೆ ಇಡೀ ಆಲ್ಬಮ್‌ನ ಅತಿ ಜಾಣ ಜಾಗ ಇದೇ.

ಪೇಗನ್ ಪೊಯೆಟ್ರಿಯಲ್ಲಿ ಮಾತ್ರ ಬೀಟ್‌ಗೆ ತೂಕ ಬರುತ್ತದೆ. ಏರ್‌ಲೂಮ್‌ನಲ್ಲಿ ಹಳೆಯ ರಿದಮ್ ಮಷೀನ್ ನೆನಪಿಸುವ ಕುಣಿತ ಇದೆ. ಅದು ಗ್ರೆಚ್‌ಮನ್ ಕನ್ಸೋಲ್ ಎಂಬ ಹೆಸರಿನಲ್ಲಿ ಮೊದಲೇ ಮಾಡಿದ್ದ, ಹಾಡಿಲ್ಲದ ಒಂದು ಟ್ರ್ಯಾಕ್‌ನ ಮೇಲೆ ಕಟ್ಟಿದ ಹಾಡು. ಯೂನಿಸನ್‌ನಲ್ಲಿ ಜರ್ಮನಿಯ ಓವಲ್ ಅವರ ಸಂಗೀತದ ತುಣುಕು ಸೇರಿದೆ. ಸಿಡಿ ಎಡವುವ ಸದ್ದನ್ನೇ ಸಂಗೀತ ಮಾಡಿದವರು ಅವರು.

ಹಂತ 5: ಮೀಟುವ ವಾದ್ಯಗಳು

ಈಗ ಫ್ರಾಸ್ಟಿ ಒಂದನ್ನೇ ಹಾಕಿ. ಎರಡು ನಿಮಿಷಕ್ಕೂ ಕಡಿಮೆ, ಕಂಠ ಇಲ್ಲ, ಮ್ಯೂಸಿಕ್ ಬಾಕ್ಸ್ ಮಾತ್ರ. ಕೀ ಕೊಟ್ಟರೆ ಮುಳ್ಳುಗಳಿರುವ ಉರುಳೆ ತಿರುಗಿ, ಉಕ್ಕಿನ ಹಲ್ಲುಗಳನ್ನು ಮೀಟುವ ಪೆಟ್ಟಿಗೆ. ಸಾಮಾನ್ಯವಾಗಿ ಇದನ್ನು ಮರದಲ್ಲಿ ಮಾಡುತ್ತಾರೆ, ಮರ ದನಿಯನ್ನು ಬೆಚ್ಚಗೆ ಮಾಡುತ್ತದೆ. ಬ್ಯೋರ್ಕ್ ಪಾರದರ್ಶಕ ಅಕ್ರಿಲಿಕ್‌ನಲ್ಲೇ ಮಾಡಿಸಿಕೊಂಡರು. ಅವರಿಗೆ ಬೇಕಿದ್ದದ್ದು ಗಟ್ಟಿಯಾದ, ಹೆಪ್ಪುಗಟ್ಟಿದಂಥ ದನಿ. ಫ್ರಾಸ್ಟಿ ಕೇಳುವಾಗ ಪ್ರತಿ ಸ್ವರದ ತುದಿ ಎಷ್ಟು ಚೂಪಾಗಿದೆ ನೋಡಿ.

ಅದೇ ಪೆಟ್ಟಿಗೆಯನ್ನು ಪೇಗನ್ ಪೊಯೆಟ್ರಿಯಲ್ಲಿ ಹುಡುಕಿ. ಹಾರ್ಪ್‌ಗೆ ಬಂದರೆ, ನುಡಿಸಿದವರು ನ್ಯೂಯಾರ್ಕಿನ ಜೀನಾ ಪಾರ್ಕಿನ್ಸ್. ಹಾರ್ಪ್ ಎಂದರೆ ಮೋಡ, ದೇವತೆ, ಜಲಪಾತ ಎಂಬ ಸಿನಿಮಾದ ಅಭ್ಯಾಸ ಇರುತ್ತದಲ್ಲ, ಅವರು ಅದನ್ನು ಮುರಿಯುತ್ತಾರೆ. ಅವರ ಹಾರ್ಪ್‌ನಲ್ಲಿ ಬೆರಳು ತಂತಿಗೆ ತಾಗುವ ಸದ್ದೂ ಇದೆ.

ಇಲ್ಲೊಂದು ಪುಟ್ಟ ಪರೀಕ್ಷೆ. ಹೆಡ್‌ಫೋನ್ ತೆಗೆದು ಅರೋರಾವನ್ನು ಫೋನ್ ಅಥವಾ ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಹಾಕಿ. ಬಾಸ್ ಕಾಣೆಯಾಗುತ್ತದೆ, ಅಷ್ಟು ಚಿಕ್ಕ ಸ್ಪೀಕರ್‌ಗೆ ಬೇಕಾದಷ್ಟು ಗಾಳಿ ತಳ್ಳಲು ಆಗುವುದಿಲ್ಲ. ಆದರೆ ಹಾಡು ಸಾಯುವುದಿಲ್ಲ. ಹಾರ್ಪ್, ಹೆಜ್ಜೆ, ಕಂಠ ಎಲ್ಲ ಉಳಿಯುತ್ತವೆ. ಅದೇ ಕಾಲದ ಯಾವುದಾದರೂ ರಾಕ್ ಹಾಡು ಹಾಕಿ ಹೋಲಿಸಿ. ಯಾವುದನ್ನು ಯಾವ ಸ್ಪೀಕರ್‌ಗಾಗಿ ಯೋಚಿಸಿ ಮಾಡಿದ್ದಾರೆ ಎಂದು ತಾನಾಗಿ ಗೊತ್ತಾಗುತ್ತದೆ.

ಹಂತ 6: ಕಂಠ ಎಷ್ಟು ದೂರದಲ್ಲಿದೆ?

ಇಷ್ಟಾದ ಮೇಲೆ ಕಂಠ. ಒಳ್ಳೆಯ ಹಾಡುಗಾರಿಕೆಯೋ ಅಲ್ಲವೋ ಎಂದು ನೋಡಬೇಡಿ, ದೂರ ಅಳೆಯಿರಿ. ಪ್ರತಿ ಹಾಡಿನಲ್ಲೂ ಒಂದೇ ಪ್ರಶ್ನೆ: ಈಗ ಹಾಡುತ್ತಿರುವವರು ನನ್ನಿಂದ ಎಷ್ಟು ದೂರ ನಿಂತಿದ್ದಾರೆ?

ಕಕೂನ್‌ನಲ್ಲಿ ದೂರವೇ ಇಲ್ಲ. ಸಾಲಿನ ನಡುವೆ ಎಳೆದುಕೊಳ್ಳುವ ಉಸಿರು, ತುಟಿ ಬೇರ್ಪಡುವ ಸದ್ದು, ಸ್ವರ ಒಡೆದು ಗಾಳಿಯಾಗುವುದು, ಎಲ್ಲ ಹಾಗೇ ಬಿಟ್ಟಿದ್ದಾರೆ. ಸಾಮಾನ್ಯ ಪಾಪ್ ರೆಕಾರ್ಡಿಂಗ್‌ನಲ್ಲಿ ಇವನ್ನು ಹೆಕ್ಕಿ ಅಳಿಸುತ್ತಾರೆ. ಹಾಡಿನ ವಿಷಯ ಇಬ್ಬರು ಒಂದೇ ಹಾಸಿಗೆಯಲ್ಲಿ ಕಳೆಯುವ ಹೊತ್ತು, ಅದನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಲು ಆಗುತ್ತದೆಯೇ?

ಪೇಗನ್ ಪೊಯೆಟ್ರಿಯಲ್ಲಿ ಇದು ತಲೆಕೆಳಗಾಗುತ್ತದೆ. ಕಂಠ ಏರುತ್ತ ಏರುತ್ತ ಹೋಗುತ್ತದೆ, ಸಂಗೀತವೂ ಜೊತೆಗೆ. ಕೊನೆಯ ಭಾಗದಲ್ಲಿ ಥಟ್ಟನೆ ವಾದ್ಯವೆಲ್ಲ ನಿಂತು ಅವರೊಬ್ಬರೇ ಉಳಿಯುತ್ತಾರೆ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ. ದೊಡ್ಡ ದನಿ ಇದೆ, ಮುಚ್ಚಿಕೊಳ್ಳಲು ಏನೂ ಇಲ್ಲ. ಪಿಸುಗುಟ್ಟಿದರೆ ಮಾತ್ರ ಆಪ್ತತೆ ಎಂದುಕೊಂಡಿದ್ದರೆ ಈ ಜಾಗವನ್ನು ಎರಡು ಸಲ ಕೇಳಿ.

ಅನ್‌ಡೂನಲ್ಲಿ ಇನ್ನೊಂದು ಉಪಾಯ. ಮೊದಲು ಒಂದೇ ಕಂಠ. ಒಂದೊಂದಾಗಿ ಅವರದೇ ದನಿಯ ಪದರಗಳು, ಆಮೇಲೆ ಕೋರಸ್, ತಂತಿವಾದ್ಯ. ಮುಗಿಯುವ ಹೊತ್ತಿಗೆ ನಿಮ್ಮ ಸುತ್ತ ಒಂದು ಗುಂಪೇ ನಿಂತಿರುತ್ತದೆ. ಎಲ್ಲಿಂದ ಶುರುವಾಯಿತು ಎಂದು ಗುರುತಿಸುವುದು ಕಷ್ಟ. ಅಲ್ಲೇ ಅವರ ಕೈಚಳಕ ಇರುವುದು.

ಹಂತ 7: ಹಿಂದಿನ ದೊಡ್ಡ ಗೋಡೆ

ಸಣ್ಣದು ಸಣ್ಣದಾಗಿ ಕಾಣಬೇಕಾದರೆ ಪಕ್ಕದಲ್ಲಿ ದೊಡ್ಡದೊಂದು ಇರಬೇಕು. ಈ ಆಲ್ಬಮ್‌ನಲ್ಲಿ ಆ ಕೆಲಸ ಕೋರಸ್ ಮತ್ತು ತಂತಿವಾದ್ಯಗಳದ್ದು. ಅವುಗಳ ಸಂಯೋಜನೆಯಲ್ಲಿ ಮುಖ್ಯ ಕೈ ವಿನ್ಸ್ ಮೆಂಡೋಜಾ ಅವರದು. ಇವನ್ನು ಯಾವಾಗಲೂ ಹಿಂದೆ, ದೂರದಲ್ಲಿ, ದೊಡ್ಡ ಹಾಲ್‌ನಲ್ಲಿ ಇಟ್ಟಂತೆ ಕೇಳುತ್ತದೆ. ಬೀಟ್ ಮಾತ್ರ ಕಿವಿಯ ಒಳಗೇ ಇರುತ್ತದೆ. ಆನ್ ಎಕೋ, ಎ ಸ್ಟೇನ್‌ನಲ್ಲಿ ಕೋರಸ್ ಹಾಡುವುದಕ್ಕಿಂತ ಜಾಸ್ತಿ ಕವಿದುಕೊಳ್ಳುತ್ತದೆ, ಸ್ವಲ್ಪ ಹೆದರಿಕೆಯೂ ಆಗುತ್ತದೆ. ಈ ಆಲ್ಬಮ್ ಬರೀ ಬೆಚ್ಚಗಿನದು ಎನ್ನುವವರಿಗೆ ನಾನು ತೋರಿಸುವ ಹಾಡು ಇದು.

ಹಾರ್ಮ್ ಆಫ್ ವಿಲ್ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ನಿಧಾನ ಸರಿ, ಆದರೆ ಅದಕ್ಕೆ ಮುಂಚೆ ಬಂದ ಸನ್ ಇನ್ ಮೈ ಮೌತ್ ಮೂರು ನಿಮಿಷದೊಳಗೆ ಮಾಡಿದ್ದನ್ನು ಇದು ಎಳೆದು ಮಾಡುತ್ತದೆ.

ಹಂತ 8: ಈಗ ಸಾಹಿತ್ಯ ತೆರೆಯಿರಿ

ಬೇಗ ಮುಗಿಯುವ ಹಂತ ಇದು. ಓದುವಾಗ ಇಷ್ಟು ತಿಳಿದಿರಲಿ. ಸನ್ ಇನ್ ಮೈ ಮೌತ್‌ನ ಸಾಲುಗಳು ಅಮೆರಿಕದ ಕವಿ ಇ. ಇ. ಕಮಿಂಗ್ಸ್ ಅವರ ಪದ್ಯದಿಂದ ಬಂದವು. ಹಾರ್ಮ್ ಆಫ್ ವಿಲ್‌ನ ಸಾಹಿತ್ಯ ಸಿನಿಮಾ ನಿರ್ದೇಶಕ ಹಾರ್ಮನಿ ಕೊರೀನ್ ಅವರದು. ಆನ್ ಎಕೋ, ಎ ಸ್ಟೇನ್‌ನ ಹಿಂದೆ ಇಂಗ್ಲೆಂಡಿನ ನಾಟಕಕಾರ್ತಿ ಸಾರಾ ಕೇನ್ ಅವರ ಕ್ರೇವ್ ನಾಟಕ ಇದೆ. ಏರ್‌ಲೂಮ್ ಒಂದು ಕನಸು: ದನಿ ಕಳೆದುಕೊಂಡ ಗಾಯಕಿಯ ಗಂಟಲಿಗೆ ರಾತ್ರಿ ಅಮ್ಮ ಮತ್ತು ಮಗ ಹೊಳೆಯುವ ಬೆಚ್ಚಗಿನ ಎಣ್ಣೆ ಹೊಯ್ಯುತ್ತಾರೆ. ಇದನ್ನು ತಿಳಿದು ಆ ಹಾಡಿನ ಕುಣಿತ ಕೇಳಿದರೆ ನಗುವೂ ಬರುತ್ತದೆ.

ಹಂತ 9: ಒಂದು ಮೈಕ್ರೋಬೀಟ್ ನೀವೇ ಮಾಡಿ

ಇದನ್ನು ಬಿಡಬೇಡಿ. ಒಮ್ಮೆ ಕೈಯಾರೆ ಮಾಡಿದರೆ ಕಿವಿ ಹರಿತವಾಗುವಷ್ಟು ಹತ್ತು ಸಲ ಕೇಳಿದರೂ ಆಗುವುದಿಲ್ಲ. ಬೇಕಾಗುವುದು ಫೋನ್ ಮತ್ತು ಕಂಪ್ಯೂಟರ್‌ನಲ್ಲಿ ಆಡಾಸಿಟಿ. ಆ ಸಾಫ್ಟ್‌ವೇರ್ ಉಚಿತ.

ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಫೋನ್‌ನ ಮೈಕ್‌ನಿಂದ ಗೇಣು ದೂರದಲ್ಲಿ ಸಣ್ಣ ಸದ್ದುಗಳನ್ನು ರೆಕಾರ್ಡ್ ಮಾಡಿ: ಕಾಗದ ಹರಿಯುವುದು, ಬೆಂಕಿಕಡ್ಡಿ ಗೀರುವುದು, ಜಿಪ್ ಎಳೆಯುವುದು, ಪುಸ್ತಕದ ಹಾಳೆ ಫರ್ ಎಂದು ಬಿಡುವುದು. ಮೇಜಿನ ಮೇಲೆ ಗೆಣ್ಣಿನಿಂದ ಒಂದು ಮೆಲ್ಲಗಿನ ಪೆಟ್ಟು. ನಿಮ್ಮ ಬಾಸ್ ಡ್ರಮ್ ಅದೇ.

ಪ್ರತಿ ಸದ್ದನ್ನೂ ಅದರ ಆರಂಭದ ತುದಿಯಲ್ಲೇ ಕತ್ತರಿಸಿ, ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೇ ಇಟ್ಟುಕೊಳ್ಳಿ. ಬಾಲ ಉಳಿದರೆ ಕಾಗದ ಕಾಗದವಾಗೇ ಕೇಳುತ್ತದೆ. ಬಾಲ ಹೋದರೆ ಅದು ತಾಳದ ಪೆಟ್ಟಾಗುತ್ತದೆ. ಗೆಣ್ಣಿನ ಪೆಟ್ಟು ಬಿಟ್ಟು ಉಳಿದೆಲ್ಲಕ್ಕೂ 300 ಹರ್ಟ್ಜ್‌ನ ಹೈ ಪಾಸ್ ಫಿಲ್ಟರ್ ಹಾಕಿ, ಕೆಳಗಿನ ಗುಂಯ್ ಹೋಗುತ್ತದೆ.

ಈಗ ಜೋಡಣೆ. ನಿಮಿಷಕ್ಕೆ 80 ಪೆಟ್ಟಿನ ಗತಿ ಇಟ್ಟುಕೊಳ್ಳಿ. ಆಗ ಒಂದು ಪೆಟ್ಟಿಗೆ 750 ಮಿಲಿಸೆಕೆಂಡ್, ಅದರ ಕಾಲು ಭಾಗ ಸುಮಾರು 187. ನಾಲ್ಕು ಪೆಟ್ಟಿಗೆ ಒಂದು ಸುತ್ತು ಎಂದುಕೊಂಡು, ಗೆಣ್ಣಿನ ಪೆಟ್ಟನ್ನು ಒಂದನೇ ಮತ್ತು ಮೂರನೇ ಪೆಟ್ಟಿನ ಮೇಲೆ ಇಡಿ. ಕಾಗದದ ಚೂರುಗಳನ್ನು ಕಾಲು ಭಾಗದ ಮನೆಗಳಲ್ಲಿ ಹಂಚಿ. ಎಲ್ಲ ಮನೆ ತುಂಬಬೇಡಿ. ಕೆಲವು ಚೂರುಗಳನ್ನು 10ರಿಂದ 20 ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಸಿ. ಒಂದಷ್ಟು ಎಡ ಕಿವಿಗೆ, ಒಂದಷ್ಟು ಬಲಕ್ಕೆ. ಎಕೋ, ರಿವರ್ಬ್ (ದೊಡ್ಡ ಕೋಣೆಯಲ್ಲಿ ಮೊಳಗಿದ ಹಾಗೆ ಮಾಡುವುದು) ಏನೂ ಬೇಡ. ರಿವರ್ಬ್ ಹಾಕಿದ ಕೂಡಲೇ ಸದ್ದು ದೂರ ಹೋಗಿ ನಿಲ್ಲುತ್ತದೆ.

ಅದರ ಮೇಲೆ ಏನಾದರೂ ಗುನುಗಿ ರೆಕಾರ್ಡ್ ಮಾಡಿ. ಎರಡು ಸಲ ಮಾಡಿ: ಒಮ್ಮೆ ಮೈಕ್‌ಗೆ ನಾಲ್ಕು ಬೆರಳು ಹತ್ತಿರದಿಂದ ಮೆಲ್ಲಗೆ, ಒಮ್ಮೆ ಎರಡು ಅಡಿ ದೂರದಿಂದ ಗಟ್ಟಿಯಾಗಿ. ಹತ್ತಿರದಿಂದ ಹಾಡುವಾಗ ಮೈಕನ್ನು ಬಾಯಿಯ ನೇರಕ್ಕೆ ಹಿಡಿಯದೆ ಸ್ವಲ್ಪ ಓರೆ ಹಿಡಿಯಿರಿ, ಇಲ್ಲದಿದ್ದರೆ ಪ, ಬ ಬಂದಲ್ಲೆಲ್ಲ ಗಾಳಿ ಬಡಿಯುತ್ತದೆ. ಎರಡನ್ನೂ ಒಂದೇ ವಾಲ್ಯೂಮ್‌ಗೆ ತಂದು ಬೀಟ್ ಜೊತೆ ಕೇಳಿ. ಗಟ್ಟಿಯಾಗಿ ಹಾಡಿದ್ದು ಬೀಟ್‌ನ ಹಿಂದೆ ಎಲ್ಲೋ ನಿಲ್ಲುತ್ತದೆ, ಮೆಲ್ಲಗೆ ಹಾಡಿದ್ದು ಬೀಟ್‌ಗಿಂತ ಮುಂದೆ. ಇದು ಕೇಳಿಸಿದ ಮೇಲೆ ಮತ್ತೆ ಕಕೂನ್ ಹಾಕಿ.

ಹಂತ 10: ಮುಂದೇನು?

ಇದೇ ಹಾಡುಗಳನ್ನು ವೇದಿಕೆಯಲ್ಲಿ ನೋಡಿ. 2001ರ ಪ್ರವಾಸಕ್ಕೆ ಬ್ಯೋರ್ಕ್ ಆರಿಸಿಕೊಂಡದ್ದು ಹೆಚ್ಚಾಗಿ ಒಪೆರಾ ಮನೆ, ಥಿಯೇಟರ್‌ಗಳನ್ನು. ಲಂಡನ್ನಿನ ರಾಯಲ್ ಒಪೆರಾ ಹೌಸ್‌ನಲ್ಲಿ ಆ ಡಿಸೆಂಬರ್‌ನಲ್ಲಿ ಚಿತ್ರಿಸಿದ ಕಾರ್ಯಕ್ರಮ ಡಿವಿಡಿಯಾಗಿ ಬಂದಿದೆ. ಮ್ಯಾಟ್ಮೋಸ್, ಜೀನಾ ಪಾರ್ಕಿನ್ಸ್, ಗ್ರೀನ್‌ಲ್ಯಾಂಡಿನ ಇನುಯಿಟ್ (ಉತ್ತರ ಧ್ರುವ ಪ್ರದೇಶದ ಮೂಲನಿವಾಸಿ) ಹುಡುಗಿಯರ ಕೋರಸ್ ಮತ್ತು ಆರ್ಕೆಸ್ಟ್ರಾ ಒಂದೇ ವೇದಿಕೆಯಲ್ಲಿ. ಹಿಂದಿನ ಹಂತ ಮಾಡಿದವರು ಮ್ಯಾಟ್ಮೋಸ್ ಕೈಗಳನ್ನೇ ನೋಡಲಿ.

ಆಮೇಲೆ ಹಿಂದಕ್ಕೆ ಹೋಗಿ ಹೋಮೊಜೆನಿಕ್ ಕೇಳಿ, ಅದೇ ಕಂಠ ಎಷ್ಟು ದೂರದಿಂದ ಹಾಡುತ್ತಿತ್ತು ಎಂದು ಅಳೆಯಿರಿ. ನಂತರ 2004ರ ಮೆಡುಲ್ಲಾ. ಅದರಲ್ಲಿ ವಾದ್ಯಗಳನ್ನೇ ಹೆಚ್ಚುಕಡಿಮೆ ಬಿಟ್ಟು, ಬೀಟ್ ಕೂಡ ಮನುಷ್ಯರ ಬಾಯಿಂದಲೇ ತೆಗೆದಿದ್ದಾರೆ. ವೆಸ್ಪರ್ಟೈನ್ ಪ್ರವಾಸದಲ್ಲಿ ಜೊತೆಗಿದ್ದ ಕೆನಡಾದ ಇನುಯಿಟ್ ಗಾಯಕಿ ತಾನ್ಯಾ ತಗಾಕ್ ಅದರಲ್ಲೂ ಇದ್ದಾರೆ. ಮೆಡುಲ್ಲಾಗೆ ವಾಲ್ಯೂಮ್ ಹೊಸದಾಗಿ ಹೊಂದಿಸಿಕೊಳ್ಳಿ. ಕಕೂನ್‌ಗೆ ಇಟ್ಟ ಅಳತೆ ಅಲ್ಲಿ ನಡೆಯುವುದಿಲ್ಲ.